ಮಲಪ್ರಭೆಯ ಬೀಗರು

ನನ್ನ ಸೋದರಮಾವ ಹುಟ್ಟಿದಾಗಿನಿಂದ ಮೀನಿನ ಒಂದು ಮುಳ್ಳನ್ನೂ ಬಾಯಿಗಿಟ್ಟವನಲ್ಲ. ಆದರೂ ಮಲಪ್ರಭೆ ಹೊಳೆಯ ಮೀನುಗಳೆಲ್ಲ ಅವನ ಮುಖದ ಗುರುತು ಹಿಡಿಯುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಕಟ್ಟಿಕೊಂಡ ನಮ್ಮ ಅತ್ತೆಯೇ ನಂಬಲಿಲ್ಲ, ಇನ್ನು ನಿಮ್ಮದೇನು?

ಮಾವ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಎಪ್ಪತ್ತರ ದಶಕದ ಕೊನೆಗೆ ನನಗೆ ಅಲ್ಲಿಯ ಶಾಲೆಯಲ್ಲಿ ನೌಕರಿ ಸಿಕ್ಕಿ, ಅವನ ಮನೆಯಲ್ಲೇ ಇದ್ದೆ. ಅಮಾವಾಸ್ಯೆಯ ದಿನ ಆ ಓಣಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಉಳಿದ ನೇಕಾರರು ದೇವರಿಗೆ ಕಾಯಿ ಒಡೆಸಿ, ಹೊಟ್ಟೆ ತುಂಬ ಉಂಡು ಮಲಗುತ್ತಿದ್ದರು. ನಮ್ಮ ಮಾವ ಮಾತ್ರ ಕೋಳಿ ಕೂಗುವಷ್ಟರಲ್ಲಿ ಸೈಕಲ್ ಏರಿ, ಹುನಗುಂದ ದಾಟಿ, ಹೊಳೆಯ ಒಂದು ಮಡುವಿನ ದಂಡೆಗೆ ಗಾಳ ಹಿಡಿದು ಕೂತಿರುತ್ತಿದ್ದ.

ಗಾಳದ ದಾರವೆಂದರೆ ಸೀರೆ ನೇಯ್ದು ಉಳಿದ ರೇಷ್ಮೆ ಎಳೆಗಳನ್ನು ಹೊಸೆದದ್ದು. ಗಾಳಕ್ಕೆ ಎರೆಹುಳು ಚುಚ್ಚುವುದೇ? ಶಿವ ಶಿವಾ! ಅತ್ತೆ ಬಡಿದ ಸಜ್ಜೆ ರೊಟ್ಟಿಯನ್ನು ಶೇಂಗಾ ಹಿಂಡಿಯೊಂದಿಗೆ ನಾದಿ, ಮೇಲೆ ಚಿಟಿಕೆ ಇಂಗು ಹಾಕಿ ಉಂಡೆ ಕಟ್ಟುತ್ತಿದ್ದ.

"ನಮ್ಮ ಸಾರಿಗೆ ಇಂಗಿಲ್ಲ, ಮೀನಕ್ಕ ಒಗ್ಗರಣಿ!" ಎಂದು ಅತ್ತೆ ಡಬ್ಬಿ ಕುಕ್ಕುತ್ತಿದ್ದಳು.

"ನಿನ್ನ ಕೈರುಚಿ ಏನಂತ ಆ ಮೀನಕ್ಕ ಗೊತ್ತೈತಿ, ನಿನಗ ಗೊತ್ತಿಲ್ಲ," ಎನ್ನುತ್ತಿದ್ದ ಮಾವ.

ಸಣ್ಣ ಮೀನು ಅವನಿಗೆ ಲೆಕ್ಕಕ್ಕೇ ಇಲ್ಲ. ಅವನಿಗೆ ಬೇಕಾದದ್ದು ಆ ಮಡುವಿನ ದೊಡ್ಡ ಗೆಂಡೆ ಮೀನು, ಬಲಗಡೆ ತುಟಿ ಹರಿದದ್ದು. ಅದಕ್ಕೆ ಅವನು ಇಟ್ಟ ಹೆಸರು ಬೀಗರು! ಸಿಕ್ಕ ಕೂಡಲೇ ಒದ್ದೆ ಟಾವೆಲ್ಲಿನ ಮೇಲೆ ಮಲಗಿಸಿ, ಮೂತಿಯಿಂದ ಬಾಲದವರೆಗೆ ಕೆಂಪು ರೇಷ್ಮೆ ಎಳೆ ಹಿಡಿದು ಅಳತೆ ತೆಗೆದು, ಕೈಮುಗಿದು ನೀರಿಗೆ ಬಿಡುತ್ತಿದ್ದ. ಜೊತೆಗೆ ಹೋಗುತ್ತಿದ್ದವರು ಅವನ ಜೀವದ ಗೆಳೆಯ, ಸೈಕಲ್ ಅಂಗಡಿಯ ಸಾಹೇಬರು. ಅವರು ಪ್ರತಿಸಲವೂ ಮನೆಯಲ್ಲಿ ಮಸಾಲೆ ಅರೆಯಲು ಹೇಳಿಯೇ ಬರುತ್ತಿದ್ದರು. ಪಾಪ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ!

"ತೋಬಾ ತೋಬಾ! ಇತ್ಲಾಗ ಕೊಡೋ ಮಾರಾಯಾ, ನಮ್ಮ ಮನ್ಯಾಗ ಮಸಾಲಿ ಅರದು ಕುಂತಾರ!"

"ಬೀಗರನ್ನ ಯಾರರ ಕೊಯ್ದು ತಿಂತಾರೇನಲೇ? ಊಟಾ ಹಾಕಿ ಕಳಸ್ತಾರ!"

ಸಾಹೇಬರ ಮನೆಯಲ್ಲಿ ಆ ಮಸಾಲೆಯ ಬದನೆಕಾಯಿ ಬಹಳ ರುಚಿಯಾಗುತ್ತಿತ್ತಂತೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಹೊಳೆಗೆ ಕೆಂಪು ನೀರು ಬರುತ್ತಿತ್ತು. ಒಂದು ಸಲ ದಿನವೆಲ್ಲ ಕೂತದ್ದಕ್ಕೆ ಗಾಳಕ್ಕೆ ಬಂದದ್ದು ಯಾರದೋ ಎಡಗಾಲಿನ ಚಪ್ಪಲಿ. ಮಾವ ಅದನ್ನೂ ಅಳೆದ! ದೀಪಾವಳಿಗೆ ನೀರು ತಿಳಿಯಾಗಿ ಬೀಗರ ನೆರಳು ಕಾಣುತ್ತಿತ್ತು, ಬೀಗರೂ ಇವನ ನೆರಳು ಕಂಡು ಹತ್ತಿರ ಸುಳಿಯುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಹೊಳೆ ಬತ್ತಿ ಮಡುವಷ್ಟೇ ಉಳಿದಾಗ ಮಾವ ಗಾಳವನ್ನೇ ಒಯ್ಯುತ್ತಿರಲಿಲ್ಲ. "ಅವರ ಮನ್ಯಾಗ ನೀರಿಲ್ಲ, ಈಗ ಕಾಡಬಾರ್ದು," ಎಂದು ಬರೀ ರೊಟ್ಟಿ ಮುರಿದು ಹಾಕಿ ಬರುತ್ತಿದ್ದ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಗಂತೂ ಹಬ್ಬವೇ! ಹೊಲ ಇದ್ದವರು ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಬಂಡಿ ಕಟ್ಟಿದರೆ, ಹೊಲವಿಲ್ಲದ ನಮ್ಮ ಮಾವ ಅತ್ತೆ ಮಾಡಿದ ಕಡುಬು, ರೊಟ್ಟಿ, ಪುಂಡಿಪಲ್ಯವನ್ನೆಲ್ಲ ಬುಟ್ಟಿಯಲ್ಲಿಟ್ಟುಕೊಂಡು ಹೊಳೆಗೆ ಚೆಲ್ಲಿ ಬರುತ್ತಿದ್ದ.

ಇಷ್ಟೆಲ್ಲ ಮಾಡಿದವನಿಗೆ ಇದ್ದದ್ದು ಒಂದೇ ಆಸೆ. ಅಂಥ ಮೀನು ಇದೆ ಎಂದು ಅತ್ತೆ ಒಮ್ಮೆಯಾದರೂ ಒಪ್ಪಬೇಕು. ಆದರೆ ಮೀನನ್ನು ಮನೆಗೆ ತರುವುದೆಂತು? "ಮೀನದ ವಾಸನಿ ಹೊಸ್ತಿಲಾ ದಾಟಿತಂದ್ರ ನಾ ತವರಮನಿ ಹಾದಿ ಹಿಡೀತೇನಿ," ಎಂದು ಅವಳು ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದಳು. ಹಾಗಾಗಿ ಮಾವ ತರುತ್ತಿದ್ದದ್ದು ಅಳತೆಯ ದಾರ ಮಾತ್ರ.

"ದಾರಾ ಎಷ್ಟ ಬೇಕಾದ್ರೂ ಉದ್ದ ಹರೀಬಹುದು," ಎನ್ನುತ್ತಿದ್ದಳು ಅತ್ತೆ.

"ಸಾಹೇಬನ್ನ ಕೇಳು!"

"ಓತಿಕ್ಯಾತಕ್ಕ ಬೇಲಿ ಗೂಟ ಸಾಕ್ಷಿ!"

"ಹಂಗಾರ ನೀನs ಬಂದು ನೋಡು."

"ಬಂದು ಏನ್ ಮಾಡ್ಲಿ? ಬೀಗರಿಗೆ ಆರತಿ ಬೆಳಗ್ಲೇನು?"

ಆ ದಾರಗಳಲ್ಲಿ ಅತ್ತೆ ಪುಂಡಿಸೊಪ್ಪಿನ ಸೂಡು ಕಟ್ಟುತ್ತಿದ್ದಳು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ ದಾರವೊಂದನ್ನು ಮಾತ್ರ ಮಾವ ಜಗುಲಿಯ ಪಕ್ಕದ ಗೂಟಕ್ಕೆ ತೂಗುಹಾಕಿದ್ದ.

ಒಂದು ವರ್ಷ ಚಳಿಗಾಲದ ಮೊದಲಿಗೆ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಏಳಲಿಲ್ಲ, ಬಾಯಿ ಸೊಟ್ಟಗಾಯಿತು. ದಿನಕ್ಕೆ ನೂರು ಮಾತಾಡುವವನು ಗೋಡೆ ನೋಡುತ್ತ ಮಲಗಿಬಿಟ್ಟ. ಊಟವೂ ಬೇಡ ಎನ್ನತೊಡಗಿದ. ದವಾಖಾನೆಯವರು, ಔಷಧ ಕೊಟ್ಟಿದ್ದೇವೆ, ಇನ್ನು ಏಳುವ ಮನಸ್ಸು ಅವರೇ ಮಾಡಬೇಕು ಎಂದರು. ಅಷ್ಟರಲ್ಲಿ ಎಳ್ಳಮಾಸಿ ಬಂತು.

ಅತ್ತೆ ನಸುಕಿನಲ್ಲೇ ಎದ್ದು ಕಡುಬು ಕಟ್ಟಿದಳು. ಎಂದಿಗಿಂತ ಹೆಚ್ಚೇ ಇಂಗು ಹಾಕಿ ಉಂಡೆಯನ್ನೂ ನಾದಿದಳು. ಮಾವನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, "ನಡಿ ತಂಗಿ, ಹೊಳಿಗೆ ಹೋಗಿ ಬರೂಣು," ಎಂದಳು ನನಗೆ. ನಾನು, ಅವಳು, ಸಾಹೇಬರು ಬಸ್ಸು ಹತ್ತಿದೆವು.

ಮಡುವಿನ ದಂಡೆಯಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹುಲ್ಲುಲ್ಲಿಗೋ! ಚಳಂಬ್ರಿಗೋ!" ಎಂದು ಹೊಲದಲ್ಲಿ ಕೂಗುವಂತೆಯೇ ಕೂಗುತ್ತ ಚರಗ ಚೆಲ್ಲಿದಳು. ಕಾದೆವು. ಮರಿಮೀನುಗಳು ಬಂದು ಕಡುಬು ಕಚ್ಚಾಡಿದವು. ಬೀಗರು ಬರಲಿಲ್ಲ. ಸಂಜೆಯ ಬಸ್ಸಿನ ಹೊತ್ತಾಯಿತು. "ಬರ್ರಿ ಬೀಗರs, ಅವರು ಊಟಾ ಬಿಟ್ಟಾರ್ರಿ," ಎಂದು ಅತ್ತೆ ನೀರಿಗೆ ಹೇಳಿದಳು. ಆಮೇಲೆ ಅವಳು ಸೆರಗಿನ ತುದಿ ಬಿಡಿಸಿ, ಸೀರೆಯ ಪನ್ನಾ, ಅಂದರೆ ಅಗಲದಷ್ಟು ಉದ್ದದ ಕೆಂಪು ಅಡ್ಡ ಎಳೆಯೊಂದನ್ನು ಮೆಲ್ಲಗೆ ಜಗ್ಗಿ ತೆಗೆದು ಸುತ್ತಿಕೊಂಡಳು.

ಮನೆಗೆ ಬಂದವಳೇ ಕೆಂಪು ಎಳೆಯನ್ನು ಮಾವನ ಎಡಗೈಯಲ್ಲಿಟ್ಟಳು.

"ಬೀಗರು ಬಂದಿದ್ರು. ನಾನs ಕಣ್ಣಾರೆ ನೋಡೇನಿ. ನೀವು ಹೇಳಿದ್ದಕ್ಕಿಂತ ದೊಡ್ಡವರದಾರ. ಬೇಕಾದ್ರ ಸಾಹೇಬರನ್ನ ಕೇಳ್ರಿ!"

ಸಾಹೇಬರು ಕಣ್ಣೊರೆಸುತ್ತ ತಲೆಯಾಡಿಸಿದರು. ಮಾವ ಎಳೆಯನ್ನು ಎದೆಯ ಮೇಲೆ ಹರವಿ, ಬೆರಳಿನಿಂದ ಸವರಿ ನೋಡಿದ. ತಾನೇ ನೇಯ್ದ ಸೆರಗಿನ ಎಳೆ ನೇಕಾರನ ಬೆರಳಿಗೆ ತಿಳಿಯದೆ ಇರುತ್ತದೆಯೇ? ಸೊಟ್ಟ ಬಾಯಿ ಮೆಲ್ಲಗೆ ಅರಳಿತು.

"ಅಲಲಾ," ಎಂದ ತೊದಲುತ್ತ, "ಬೀಗರು ಬರೋಬ್ಬರಿ ಸೀರಿ ಪನ್ನಾದಷ್ಟ ಬೆಳದಾರಲಾ!"

ಅತ್ತೆ ನಾಚಿ, ಸೆರಗನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಮಾವ ಊಟಕ್ಕೆ ಬಡಿಸಲು ಹೇಳಿದ.