ಈರುಳ್ಳಿಯ ಎಳೆ, ಹೂವಿನ ದಾರ

ತಪ್ಪೊಪ್ಪಿಕೊಳ್ಳುವುದೂ ಹಲ್ಲು ಕೀಳಿಸುವುದೂ ಒಂದೇ. ನಾಳೆ ನೋಡೋಣ, ನಾಳೆ ನೋಡೋಣ ಎನ್ನುತ್ತಲೇ ಮುದುಕರಾಗುತ್ತೇವೆ. ನನ್ನ ಬಾಯಲ್ಲಿ ಈಗ ಕೀಳಿಸಲು ಹಲ್ಲೇ ಉಳಿದಿಲ್ಲ. ತಪ್ಪೊಂದು ಮಾತ್ರ ಅಲ್ಲಾಡದೆ ಕೂತಿತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಯಲಹಂಕದ ಕಡೆ ಒಂದು ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರಾಗಿದ್ದೆ. ಈರುಳ್ಳಿಯಿಂದ ಡಿಎನ್ಎ ತೆಗೆಯುವ ಪ್ರಯೋಗವಿದ್ದರೆ ಈರುಳ್ಳಿ ಹೆಚ್ಚಿ ಕಣ್ಣೀರು ಸುರಿಸುವವನು ನಾನೇ. ಅದನ್ನು ಅರೆದು, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ, ಸೋಸಿ, ಮೇಲೆ ತಣ್ಣನೆಯ ಸ್ಪಿರಿಟ್ ಮೆಲ್ಲಗೆ ಬಿಟ್ಟರೆ ಬಿಳಿ ಎಳೆಗಳು ಏಳುತ್ತವೆ. ಮನೆಯಲ್ಲಿ ಇದನ್ನು ವಿವರಿಸಿದಾಗ ನನ್ನ ಹೆಂಡತಿ ಲಕ್ಷ್ಮಮ್ಮ, "ಒಗ್ಗರಣೆ ಒಂದು ಬಾಕಿ ಕಣ್ರೀ" ಅಂದಿದ್ದಳು. ಸ್ಪಿರಿಟ್ ಬಾಟಲಿಯನ್ನು ಹಿಂದಿನ ದಿನವೇ ಲ್ಯಾಬಿನ ಫ್ರಿಜ್ಜಿನಲ್ಲಿಡುವುದೂ ನನ್ನ ಕೆಲಸ. ಬೆಚ್ಚಗಾದರೆ ಎಳೆ ಸರಿಯಾಗಿ ಬರುವುದಿಲ್ಲ.

ಲಕ್ಷ್ಮಮ್ಮ ಸಂಜೆ ಕಾಲೇಜಿನ ಎದುರಿನ ಬಸ್‌ಸ್ಟಾಪಿನಲ್ಲಿ ಹೂ ಮಾರುತ್ತಿದ್ದಳು. ಬೇಸಿಗೆಯಲ್ಲಿ ಕಟ್ಟಿದ ಮಲ್ಲಿಗೆ ಮಧ್ಯಾಹ್ನಕ್ಕೇ ಬಾಡುತ್ತಿತ್ತು. ಮನೆಯಲ್ಲಿ ಫ್ರಿಜ್ ಇರಲಿಲ್ಲ, ಲ್ಯಾಬಿನಲ್ಲಿತ್ತು. ಇನ್ನು ಹೇಳುವುದೇನಿದೆ? ದಿನಾ ಬೆಳಿಗ್ಗೆ ಹೂವಿನ ಪೊಟ್ಟಣ ಒಳಗೆ, ಸಂಜೆ ಹೊರಗೆ. ಒಂದು ದಿನ ಪೊಟ್ಟಣ ದೊಡ್ಡದಾಯಿತು. ಒಂದು ಗಳಿಗೆ ಅಂತ ಬಾಟಲಿಯನ್ನು ತೆಗೆದು ಕಿಟಕಿಯಲ್ಲಿಟ್ಟೆ, ಮರೆತೆ. ಅಂದೇ ಪ್ರಾಕ್ಟಿಕಲ್ ಪರೀಕ್ಷೆ.

ಉಳಿದ ವಿದ್ಯಾರ್ಥಿಗಳಿಗೆ ಎಳೆ ಅಲ್ಪಸ್ವಲ್ಪ ಬಂತು. ಆರ್.ಟಿ. ನಗರದಿಂದ ಬರುತ್ತಿದ್ದ ನಸ್ರೀನ್‌ಗೆ ಏನೂ ಇಲ್ಲ. "ರಂಗಣ್ಣ, ಬರ್ತಾನೇ ಇಲ್ಲ" ಅಂದಳು. ನಾನು ಫ್ರಿಜ್ಜಿನ ಹತ್ತಿರ ಹೋಗಿ, ಹೂಮಾಲೆಯ ತುದಿಯ ದಾರವನ್ನು ಹಲ್ಲಿನಿಂದ ಕಡಿದು, ಆಗ ಹಲ್ಲಿದ್ದವು, ಎಳೆ ಬಿಡಿಸಿ ಅವಳ ಟೆಸ್ಟ್ ಟ್ಯೂಬಿಗೆ ಹಾಕಿದೆ. ಪರೀಕ್ಷೆಗೆ ಬಂದಿದ್ದ ಮೇಷ್ಟರು ಕನ್ನಡಕದ ಮೇಲಿಂದ ನೋಡಿ, "ಗುಡ್" ಅಂದು ಮುಂದೆ ಹೋದರು.

ಈಗ ಲಕ್ಷ್ಮಮ್ಮ ಇಲ್ಲ, ಎರಡು ವರ್ಷವಾಯಿತು. ನಸ್ರೀನ್ ಅದೇ ಕಾಲೇಜಿನಲ್ಲಿ ಲೆಕ್ಚರರ್. ಹೋದ ವಾರ ವಿದ್ಯಾರಣ್ಯಪುರದಿಂದ ಬಸ್ಸು ಹಿಡಿದು ಹೋಗಿ ಲ್ಯಾಬಿನಲ್ಲಿ ಅವಳೆದುರು ನಿಂತೆ.

"ಮೇಡಂ, ಅವತ್ತಿನ ನಿಮ್ಮ ಡಿಎನ್ಎ ನಮ್ಮ ಮನೆಯವಳ ದಾರ."

ಅವಳು ನಕ್ಕುಬಿಟ್ಟಳು. "ಯಾವ ಡಿಎನ್ಎಗೆ ಗಂಟಿರುತ್ತೆ ರಂಗಣ್ಣ? ಮೇಲೆ ಮಲ್ಲಿಗೆ ವಾಸನೆ! ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಅದಕ್ಕೇ ಈಗ ನಮ್ಮ ಮಕ್ಕಳಿಗೆ, ಎಳೆ ಬರಲಿಲ್ಲ ಅಂದ್ರೆ ಬರಲಿಲ್ಲ ಅಂತಲೇ ಬರೀರಿ, ಮಾರ್ಕ್ಸ್ ಕೊಡ್ತೀನಿ ಅಂತೀನಿ."

ನನ್ನ ಕಿವಿಗೆ ಬಿದ್ದದ್ದು ಗಂಟು ಒಂದೇ. ಅದು ಲಕ್ಷ್ಮಮ್ಮನ ಕೈ ಹಾಕಿದ ಗಂಟು. ಮನೆಯೆಲ್ಲ ಹುಡುಕಿದರೂ ಈಗ ಅಂಥದ್ದೊಂದು ಸಿಗುವುದಿಲ್ಲ. ನಾಚಿಕೆ ಬಿಟ್ಟು ಕೇಳಿದೆ, "ಆ ದಾರ ಏನಾಯ್ತಮ್ಮ?"

"ಟ್ಯೂಬು ತೊಳೀತಿದ್ದಿದ್ದು ನೀವೇ ಅಲ್ವಾ?"

ಹೌದು, ನಾನೇ. ನನ್ನ ಮುಖ ನೋಡಿ ಅವಳು ಸೋಸಿದ ಈರುಳ್ಳಿ ನೀರಿನ ಟ್ಯೂಬು ಮುಂದಿಟ್ಟಳು. "ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನೀವೇ ಮಾಡಿದ್ದೀರಾ? ಸ್ಪಿರಿಟ್ ಬಿಡಿ, ಮೆಲ್ಲಗೆ." ಬಿಟ್ಟೆ. ಎಳೆ ಎದ್ದಿತು, ಬೆಳ್ಳಗೆ, ನಿಜವಾದದ್ದು. ಬಗ್ಗಿ ಮೂಸಿದೆ. ಬರೀ ಸ್ಪಿರಿಟ್ ವಾಸನೆ.

ಹೊರಡುವಾಗ "ಬಾಟಲಿ ಒಳಗಿಟ್ಟು ಹೋಗಿ" ಅಂದಳು. ಹೊಸ ಫ್ರಿಜ್, ದೊಡ್ಡದು. ತಪ್ಪೊಪ್ಪಿಕೊಂಡು ಹಗುರಾಗಿದ್ದ ಮುದುಕ ನಾನು, ಬಾಟಲಿಯನ್ನು ಜೋಪಾನವಾಗಿ ಒಳಗಿಟ್ಟೆ. ಬಾಗಿಲು ಹಾಕುವ ಮೊದಲು ಅದನ್ನು ಮೂಲೆಗೆ ಸರಿಸಿ, ಪಕ್ಕದಲ್ಲಿ ಒಂದು ಪೊಟ್ಟಣದಷ್ಟು ಜಾಗ ಬಿಟ್ಟು ಬಂದೆ.