ಬೀಗಿತ್ತಿಯ ಕೌದಿಗೆ ಎರ್ನಾಳ ಸೂಜಿ

ಪೇಟೆಯ ಅರ್ಧ ಮದುವಣಗಿತ್ತಿಯರ ಕಂಕುಳಿಗೆ ಸಡಿಲ ಕೊಟ್ಟು, ಸೊಂಟಕ್ಕೆ ನೆರಿಗೆ ಹಿಡಿದು, ಹೊಟ್ಟೆಯನ್ನು ಮಾಯ ಮಾಡಿ ಗೌನು ಹೊಲಿದುಕೊಟ್ಟ ಎರ್ನಾಳ ಹೊಲಿಗೆಯನ್ನು ಯಾರೋ ಕದ್ದು ಬಿಚ್ಚುತ್ತಿದ್ದಾರೆ ಎಂದರೆ ಯಾರು ತಾನೇ ನಂಬುತ್ತಾರೆ? ಅವಳ ಗಂಡ ಹರ್ಮನ್ ನಂಬಿದ. ನಂಬಿದ್ದಲ್ಲದೆ, ಬೆಣ್ಣೆ ಸವರಿದ ಬ್ರೆಡ್ಡು ಕಚ್ಚುತ್ತಾ, "ಚೆನ್ನಾಗಿಲ್ದೆ ಇದ್ರೆ ಬಿಚ್ತಾರಪ್ಪ" ಎಂದ.

"ಏನಂದ್ರಿ?"

"ಬೆಣ್ಣೆ ಚೆನ್ನಾಗಿದೆ ಅಂದೆ."

ಸಂಗತಿ ಹೀಗೆ. ಅವರ ಮಗಳು ಕಾರ್ಲಾಳಿಗೆ ಗಂಡು ಗೊತ್ತಾದದ್ದು ಪೇಟೆಯಾಚೆಯ ಹಳ್ಳಿಯಲ್ಲಿ, ಹಳೆಯ ಕಟ್ಟಳೆ ಬಿಡದ ಕ್ರೈಸ್ತ ಪಂಗಡದವರಾದ ಮೆನ್ನೊನೈಟರ ಮನೆಯಲ್ಲಿ. (ಹುಡುಗ ಮಾರ್ಲಿನ್ ಒಳ್ಳೆಯವನು. ಮಾತು ಕಡಿಮೆ, ಊಟ ಜಾಸ್ತಿ.) ಆ ಮನೆಗೆ ಬರುವ ಸೊಸೆಗೆ ಮನೆಯ ಹೆಂಗಸರೆಲ್ಲ ಸುತ್ತ ಕೂತು, ಹೊಲಿಗೆ ಮಿಷನ್ನು ಮುಟ್ಟದೆ, ಕೈಯಲ್ಲೇ ಒಂದು ಕೌದಿ ಹೊಲಿದುಕೊಡುವುದು ತಲೆತಲಾಂತರದ ಪದ್ಧತಿ. ಯಾರೂ ಕರೆಯದಿದ್ದರೂ ಎರ್ನಾ "ನಾನೂ ಬರ್ತೀನಿ" ಎಂದಳು. ಮಗಳು ಹೊದೆಯುವ ಕೌದಿಯಲ್ಲಿ ಹೆತ್ತವಳ ಕೈಯದೊಂದು ಸಾಲು ಹೊಲಿಗೆ ಇರಬಾರದೇ? ಬದುಕಿರುವ ತನಕ ಕಾರ್ಲಾ ಬರೀ ಅತ್ತೆಯ ಹೊಲಿಗೆಯನ್ನೇ ಹೊದ್ದು ಮಲಗಬೇಕೇ?

ಜೊತೆಗೆ, ತನ್ನ ಹೊಲಿಗೆ ಅಂಗಡಿ ಮುಚ್ಚಿದಾಗಿನಿಂದ ಅವಳಿಗೆ ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಪರದೆಗಳೆಲ್ಲ ಹೊಸದಾಗಿದ್ದವು. ಟೋಸ್ಟರಿಗೂ ಲೇಸಿನ ಅಂಗಿ ಬಂದಿತ್ತು. ಇನ್ನೇನೂ ಸಿಗದೆ ಹರ್ಮನ್‌ನ ಪ್ಯಾಂಟುಗಳನ್ನೆಲ್ಲ ಒಂದೊಂದು ಬೆರಳು ಮೋಟು ಮಾಡಿದ್ದಳು. ಕೌದಿಯ ಸುದ್ದಿ ಬಂದಾಗ ಅವಳಿಗಿಂತ ಹೆಚ್ಚು ಸಂತೋಷಪಟ್ಟವನು ಅವನೇ.

"ಕೌದಿ ಕಲಿಯೋದು ಅಂದ್ರೆ ನಂಗೇನು ಹೊಸದಾ? ಸೂಜಿ ಸೂಜಿನೇ ತಾನೆ" ಎಂದು ಎರ್ನಾ ಹೊರಟಳು.

ಅಲ್ಲಿ ಬೀಗಿತ್ತಿ ಲವೀನಾಳ ನಡುಮನೆಯಲ್ಲಿ ಮಂಚದಗಲದ ಚೌಕಟ್ಟಿಗೆ ಕೌದಿಯನ್ನು ಬಿಗಿದಿಟ್ಟಿದ್ದರು. ಮೇಲೆ ಕೆಂಪು ನೀಲಿ ಚೂರುಗಳನ್ನು ಕೂಡಿಸಿದ ನಕ್ಷತ್ರಗಳ ಬಟ್ಟೆ, ನಡುವೆ ಹತ್ತಿ, ಕೆಳಗೆ ಇನ್ನೊಂದು ಬಟ್ಟೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟುಕೊಂಡು, ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಾಕಿದೊಡನೆ ಮೇಲಕ್ಕೆ ತಿರುಗಿಸಬೇಕು. ಎರ್ನಾ ಬೆರಳಿಗೆ ತಾಕಿಸಲಿಲ್ಲ, ಚುಚ್ಚಿಕೊಂಡಳು. ದಾರದ ಗಂಟನ್ನು ಮೆಲ್ಲಗೆ ಜಗ್ಗಿ ಹತ್ತಿಯೊಳಗೆ ಅಡಗಿಸಬೇಕಂತೆ. ಅವಳು ಜಗ್ಗಿದ ರಭಸಕ್ಕೆ ಗಂಟು ಮೂರೂ ಪದರ ದಾಟಿ ಈಚೆಗೇ ಬಂದುಬಿಟ್ಟಿತು. ದರ್ಜಿಯ ಕೈ, ಪ್ರತಿ ಹೊಲಿಗೆಗೂ ದಾರವನ್ನು ಬಿಗಿಯಿತು. ಅವಳು ಹೊಲಿದ ಮೂಲೆ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿತು.

"ಬೀಗಿತ್ತಿಯೋರೇ, ದಾರ ಎಳೀಬೇಡಿ" ಎಂದಳು ಲವೀನಾ, ಬಲು ನಯವಾಗಿ.

"ನಾನು ಹೊಲಿದ ಗೌನು ಇವತ್ತಿನವರೆಗೂ ಒಂದು ಹೊಲಿಗೆ ಬಿಟ್ಟಿದ್ದಿಲ್ಲ."

"ಗೌನು ಹಾಕ್ಕೊಳ್ಳೋದು ಒಂದು ದಿನ ಅಲ್ವೇನಮ್ಮ. ಬಿಡೋಕೆ ಅದಕ್ಕೆ ಪುರುಸೊತ್ತೆಲ್ಲಿ?" ಎಂದಳು ಲವೀನಾಳ ಅತ್ತೆ ಮಹಾಲಾ ಅಜ್ಜಿ, ತಲೆಯೆತ್ತದೆ.

ಎರ್ನಾ ಮನೆಗೆ ಬಂದು ಸೂಜಿಯನ್ನು ಬೈದಳು. ಕೌದಿಯ ಸೂಜಿ ಗಿಡ್ಡವಂತೆ, ಬೆಳಕು ಎಡದಿಂದ ಬರುತ್ತಂತೆ, ಕುರ್ಚಿ ಒಂದು ಕಡೆ ವಾಲುತ್ತಂತೆ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದ ಹರ್ಮನ್. ಆ ದಿನ ಅವನ ಊಟಕ್ಕೆ ಉಪ್ಪು ಬೀಳಲಿಲ್ಲ.

ಆದರೆ ಮುಂದಿನ ಸಲ ಹೋದಾಗ ಅವಳ ಮೂಲೆ ಸುಕ್ಕಿಲ್ಲದೆ ಹೊಳೆಯುತ್ತಿತ್ತು. ಹೊಲಿಗೆಗಳು ಸಾಸಿವೆ ಕಾಳಿನಷ್ಟು ಸಣ್ಣ, ಸಾಲು ನೆಟ್ಟಗೆ. ಅವಳು ಹಿಗ್ಗಿದಳು; ಕೈ ಪಳಗಿತು ಎಂದು ಹರ್ಮನ್‌ನ ತಲೆ ತಿಂದಳು. ಅದರ ಮುಂದಿನ ಸಲವೂ ಹಾಗೇ ಆದಾಗ ಬಗ್ಗಿ ನೋಡಿದಳು. ತನ್ನ ಹೊಲಿಗೆ ತನಗೆ ತಿಳಿಯದೇ? ಅದರಲ್ಲಿ ಒಂದೂ ಅವಳದಾಗಿರಲಿಲ್ಲ.

ಹರ್ಮನ್ ಬೀಗರನ್ನು ಮೊಳೆ ಅಂಗಡಿಯಲ್ಲಿ ಕಂಡು ವಿಚಾರಿಸಿ ಬಂದ. "ಅವರಲ್ಲಿ ಹೊಸದಾಗಿ ಕಲಿಯೋರು ಮನೆಗೆ ಹೋದ್ಮೇಲೆ ಅವರ ಹೊಲಿಗೆ ಬಿಚ್ಚಿ ಮತ್ತೆ ಹಾಕೋದು ವಾಡಿಕೆಯಂತೆ ಕಣೇ. ಎದುರಿಗೆ ಹೇಳಿದ್ರೆ ನೊಂದ್ಕೋತಾರೆ ಅಂತ."

"ನೊಂದ್ಕೊಳ್ಳೋಕೆ ನಾನ್ಯಾರು, ಮದುಮಗಳ ತಾಯಿ ತಾನೆ" ಎಂದು ಎರ್ನಾ ಅಡಿಗೆಮನೆಗೆ ಹೋಗಿ ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗಿದಳು. ಅವಳಿಗೆ ನಿಜವಾಗಿಯೂ ಅಳು ಬಂದಿತ್ತು. ಮದುವೆ ಹತ್ತಿರ ಬಂತು, ಕೌದಿ ಮುಗಿಯುತ್ತಾ ಬಂತು, ಅದರಲ್ಲಿ ತನ್ನದು ಅಂತ ಒಂದು ಎಳೆ ದಾರವಿಲ್ಲ.

ಮತ್ತೊಂದು ಸಲ ಹೋದಾಗ ಬೆಳಗ್ಗೆಯೆಲ್ಲ ಹಲ್ಲು ಕಚ್ಚಿಕೊಂಡು ಹೊಲಿದಳು. ಕಾಲು ಚೌಕಟ್ಟಿನಡಿ ತಾಳ ಹಾಕುತ್ತಿತ್ತು, ಕಣ್ಣು ಅಲ್ಲಿ ಇಲ್ಲಿ ಅಲೆಯುತ್ತಿತ್ತು. ಹಾಗೆ ಅಲೆದ ಕಣ್ಣು ಒಂದು ಕಡೆ ನಿಂತಿತು. ಎಲ್ಲ ನಕ್ಷತ್ರಗಳಲ್ಲೂ ಒಂದು ಮೊನೆ ಕೆಂಪು, ಒಂದು ಮೊನೆ ನೀಲಿ. ಲವೀನಾಳ ಎದುರಿನ ನಕ್ಷತ್ರದಲ್ಲಿ ಮಾತ್ರ, ನೀಲಿ ಇರಬೇಕಾದ ಜಾಗದಲ್ಲಿ ಕೆಂಪು. ಅಬ್ಬಾ, ಇವರೇ ಏನು ಊರಿಗೆಲ್ಲ ಕೌದಿ ಕಲಿಸುವವರು? ಎರ್ನಾಳ ಎದೆಗೆ ತಣ್ಣೀರು ಎರೆದಷ್ಟು ಸುಖವಾಯಿತು.

ಊಟದ ಹೊತ್ತಿಗೆ ಎಲ್ಲರೂ ಅಡಿಗೆಮನೆಗೆ ಹೋದರು. "ನೀವು ಶುರು ಮಾಡಿ, ಈ ಸಾಲು ಮುಗಿಸಿ ಬಂದೆ" ಎಂದು ಎರ್ನಾ ಅಲ್ಲೇ ಉಳಿದಳು. ಕೌದಿಯ ಹೊಲಿಗೆ ಇನ್ನೂ ಆ ನಕ್ಷತ್ರದವರೆಗೆ ಬಂದಿರಲಿಲ್ಲ. ಕೆಂಪು ಚೂರನ್ನು ಬಿಚ್ಚಿ ಏಪ್ರನ್ನಿನ ಜೇಬಿಗೆ ತುರುಕಿದಳು. ಚಿಂದಿಬುಟ್ಟಿಯಿಂದ ನೀಲಿ ತುಂಡು ಆರಿಸಿ, ಕತ್ತರಿಸಿ, ಅಂಚು ಮಡಿಚಿ, ಮೇಲಿನ ಬಟ್ಟೆಯನ್ನಷ್ಟೇ ಹಿಡಿದು ಕಾಣದ ಹೊಲಿಗೆ ಹಾಕಿದಳು. ಇದು ಅವಳ ವಿದ್ಯೆ. ಎಲ್ಲಿ ಹೊಲಿದಿದೆ ಎಂದು ಸೂಜಿಗೇ ಗೊತ್ತಾಗುವಂತಿರಲಿಲ್ಲ.

ಊಟಕ್ಕೆ ಕೂತವಳು ನೂಡಲ್ಸು ಅರ್ಧಕ್ಕೇ ಬಿಟ್ಟು, ಸೇಬಿನ ಪೈ ಬರುವ ಮುಂಚೆಯೇ ಎದ್ದು ನಡುಮನೆಗೆ ಹೋಗಿ ಇಣುಕಿ ಬಂದಳು.

ಎಲ್ಲರೂ ಮತ್ತೆ ಚೌಕಟ್ಟಿನ ಸುತ್ತ ಕೂತರು. ಮಹಾಲಾ ಅಜ್ಜಿ ಬಟ್ಟೆಯ ಮೇಲೆ ಕೈಯಾಡಿಸಿ, ಕನ್ನಡಕ ಸರಿಮಾಡಿಕೊಂಡು, ಮತ್ತೊಮ್ಮೆ ನೋಡಿದಳು. "ಲವೀನಾ, ನಮ್ಮ ತಪ್ಪೆಲ್ಲಿ?"

"ನಾನೇ ಸರಿ ಮಾಡಿದೆ ಅಜ್ಜಿ" ಎಂದಳು ಎರ್ನಾ, ಮುಖ ಊರಗಲ ಮಾಡಿಕೊಂಡು. "ನೀವ್ಯಾರೂ ನೋಡಿರ್ಲಿಲ್ಲ ಅಂತ ಕಾಣುತ್ತೆ."

ಒಬ್ಬಳು ಕೆಮ್ಮಿದಳು. ಕೊನೆಗೆ ಅಜ್ಜಿಯೇ ಬಾಯಿಬಿಟ್ಟಳು. "ತಪ್ಪಿಲ್ದೆ ಮಾಡೋನು ದೇವ್ರೊಬ್ನೇ ಕಣಮ್ಮ. ಅವನ ಜೊತೆ ಪೈಪೋಟಿ ಬೇಡ ಅಂತ ನಮ್ಮ ಮನೇಲಿ ಪ್ರತಿ ಕೌದೀಲೂ ಒಂದು ಚೂರು ಬೇಕಂತ್ಲೇ ತಪ್ಪಿಡ್ತೀವಿ. ಆ ಕೆಂಪು ನಾನೇ ಕೈಯಾರೆ ಇಟ್ಟಿದ್ದು."

ಎರ್ನಾಳ ಕಿವಿ ಜೇಬಿನೊಳಗಿನ ಚೂರಿಗಿಂತ ಕೆಂಪಾಯಿತು. "ಈಗ್ಲೇ ಬಿಚ್ಚಿ ಮೊದಲಿನ ಹಾಗೇ ಹಾಕ್ಬಿಡ್ತೀನಿ" ಎಂದು ಕತ್ತರಿಗೆ ಕೈ ಹಾಕಿದಳು.

ಲವೀನಾ ಅವಳ ಕೈ ಹಿಡಿದಳು. ನೀಲಿ ಚೂರಿನ ಅಂಚನ್ನು ಉಗುರಿನಿಂದ ಸವರಿ, "ಇಷ್ಟು ಚೆನ್ನಾಗಿ ಕೂರಿಸಿದ್ದನ್ನ ಬಿಚ್ಚೋಕೆ ನಂಗೆ ಮನಸ್ಸಿಲ್ಲ ಬೀಗಿತ್ತಿಯೋರೇ. ಆದ್ರೆ ತಪ್ಪಿಲ್ದೆ ಕೌದಿ ಮುಗಿಸೋ ಹಾಗೂ ಇಲ್ಲ" ಎಂದಳು.

ಎಲ್ಲರೂ ಯೋಚಿಸಿದರು. ಯೋಚಿಸುತ್ತಾ ಯೋಚಿಸುತ್ತಾ, ಒಬ್ಬೊಬ್ಬರ ಕಣ್ಣೂ ಮೆಲ್ಲಗೆ ಎರ್ನಾಳ ಮೂಲೆಗೆ ಬಂತು. ಬೆಳಗ್ಗೆ ಅವಳು ಹಲ್ಲು ಕಚ್ಚಿಕೊಂಡು ಹಾಕಿದ ಹೊಲಿಗೆ, ಇನ್ನೂ ಯಾರೂ ಬಿಚ್ಚದ ಹೊಲಿಗೆ, ಅಲ್ಲಿ ಅಂಕುಡೊಂಕಾಗಿ ಮಲಗಿತ್ತು. ಲವೀನಾ ತನ್ನ ಏಪ್ರನ್ನಿನಲ್ಲಿದ್ದ, ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯನ್ನು ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಇದನ್ನ ಹೀಗೇ ಬಿಡೋಣ್ವಾ ಅತ್ತೆ?"

"ಧಾರಾಳವಾಗಿ ಸಾಕು" ಎಂದಳು ಅಜ್ಜಿ. "ದೇವ್ರಿಗೆ ಸಂಶಯವೇ ಬರಲ್ಲ."

ಎರ್ನಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಲವೀನಾ ಅವಳ ತಟ್ಟೆಗೆ ಸೇಬಿನ ಪೈಯ ದೊಡ್ಡ ತುಂಡು ಹಾಕಿಕೊಟ್ಟಳು.

ಮನೆಗೆ ಬಂದಾಗ ಹರ್ಮನ್ ಪೇಪರು ಓದುತ್ತಿದ್ದ. "ಏನಾಯ್ತೇ?"

"ನನ್ನ ಹೊಲಿಗೆ ಉಳಿಸ್ಕೊಂಡ್ರು."

"ಭೇಷ್. ಅಂತೂ ಕಲಿತೆ."

"ಕಲೀಲಿಲ್ಲ ರೀ. ಅದಕ್ಕೇ ಉಳಿಸ್ಕೊಂಡ್ರು" ಎಂದು ಎರ್ನಾ ನಡೆದದ್ದೆಲ್ಲ ಹೇಳಿದಳು.

ಹರ್ಮನ್ ಪೇಪರು ಮಡಿಚಿಟ್ಟ. "ಪ್ರತಿ ಮನೇಲೂ ಒಂದು ತಪ್ಪು ಚೂರು ಇರ್ಬೇಕು ಅನ್ನೋದು ಸರಿನೇ. ಇಷ್ಟು ವರ್ಷ ನಮ್ಮನೇಲಿ ಅದು ನಾನೇ ಅಂದ್ಕೊಂಡಿದ್ದೆ" ಎಂದ.

ಎರ್ನಾಳ ಕೈ ಮತ್ತೆ ತುರಿಸತೊಡಗಿತ್ತು. ಅವನ ಪ್ಯಾಂಟಿನ ಅಂಚನ್ನೇ ನೋಡಿದಳು. ಇನ್ನೂ ಒಂದು ಬೆರಳು ಮೋಟು ಮಾಡುವಷ್ಟು ಜಾಗವಿತ್ತು.