ಒಂದಕ್ಷರವನ್ನೂ ಬಿಡದ ವಾಮನರಾಯರು

ಪುಸ್ತಕ ಬರೆಯಲು ವಿದ್ಯೆ ಬೇಕು, ಏಕಾಂತ ಬೇಕು, ಕಿಟಕಿಯ ಪಕ್ಕ ಒಂದು ಮೇಜು ಬೇಕು ಎಂದು ಓದಿಕೊಂಡವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅವು ಯಾವುವೂ ಇಲ್ಲದಿದ್ದರೂ ನಡೆಯುತ್ತದೆ. ನಿಜವಾಗಿ ಬೇಕಾದದ್ದು ಕೇಳಲು ಒಬ್ಬ ಮೊಮ್ಮಗಳು, ಬೈಸಿಕೊಳ್ಳಲು ಒಬ್ಬ ಗಂಡ. ದೇವರು ನನಗೆ ಇಬ್ಬರನ್ನೂ ಧಾರಾಳವಾಗಿ ಕೊಟ್ಟ. ವಿದ್ಯೆಯ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿದ. ಬೀದರ ಕಡೆಯ ನಮ್ಮ ಹಳ್ಳಿಯ ಮಠದಲ್ಲಿ ಅಯ್ಯನವರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಸುತ್ತಿದ್ದರು. ಒತ್ತಕ್ಷರ ಶುರುವಾಗಬೇಕು ಎನ್ನುವಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಹಾಗಾಗಿ ಇವತ್ತಿಗೂ ನನ್ನ ಬರವಣಿಗೆಯಲ್ಲಿ ಒತ್ತುಗಳು ಹೊಸ ಸೊಸೆಯರ ಹಾಗೆ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿರುತ್ತವೆ. ಇನ್ನು ಮರಾಠಿ ಅಕ್ಷರ. ನಮ್ಮವರು ನಾಸಿಕಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟಾಗಿನಿಂದ ನಾನು ಈ ಊರಿನವಳೇ. ಮರಾಠಿ ಮಾತಾಡುತ್ತೇನೆ, ಮರಾಠಿಯಲ್ಲಿ ತರಕಾರಿಯವನ ಬೆವರಿಳಿಸುತ್ತೇನೆ. ಓದುವುದು ಮಾತ್ರ ನಿಧಾನ. ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದಿ, ಇದು ಲಾಸಲಗಾಂವದ ಬಸ್ಸು ಎಂದು ನಾನು ಕಂಡುಹಿಡಿಯುವ ಹೊತ್ತಿಗೆ ಅದು ದಾರಿಯ ನಡುವಿನ ನಿಫಾಡ ದಾಟಿರುತ್ತದೆ.

ಇಂಥವಳು ಪುಸ್ತಕ ಅಚ್ಚು ಹಾಕಿಸಿದಳೆಂದರೆ ಅದಕ್ಕೆ ನಮ್ಮ ಸುಮಿಯೇ ಕಾರಣ. ಸುಮಿ ನನ್ನ ಮಗನ ಮಗಳು. ಅವಳ ವಿಷಯ ಎತ್ತಿದೆನೆಂದರೆ ನಾನು ಒಲೆಯ ಮೇಲಿನ ಹಾಲು, ಉಕ್ಕುವುದೊಂದೇ ಗೊತ್ತು. ಮೂಗು ನನ್ನದು, ಜಾಣತನ ನನ್ನದು, ಹಟ ಅವಳ ಮುತ್ಯಾನದು, ಅಂದರೆ ನಮ್ಮವರದು. ಹೆತ್ತ ತಾಯಿಯದೂ ಏನಾದರೂ ಇರಬೇಕಲ್ಲ ಎಂದು ಉದ್ದ ಜಡೆಯನ್ನು ಸೊಸೆ ಕಸ್ತೂರಿಗೆ ಬಿಟ್ಟುಕೊಟ್ಟಿದ್ದೇನೆ. ಕೊರತೆ ಒಂದೇ. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಹುಡುಗಿಗೆ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. “ಸುಮಿ, ಊಟಕ್ಕ ಬಾ” ಎಂದರೆ “ಆಲೇ ಆಜಿ!” “ಉಪ್ಪಿನಕಾಯಿ ಹಾಕ್ಲೇನು?” ಎಂದರೆ “ನಕೋ!” ನಾನು ಹೇಳುವ ಕಥೆಗಳನ್ನು ಕಣ್ಣರಳಿಸಿ ಕೇಳುತ್ತಾಳೆ, ಕೇಳಿದ ಮೇಲೆ ಅವನ್ನೇ ಓಣಿಯ ಹುಡುಗಿಯರಿಗೆ ಮರಾಠಿಯಲ್ಲಿ ಹಂಚುತ್ತಾಳೆ. ನನ್ನ ರಾಜ, ನನ್ನ ಹುಲಿ, ನನ್ನ ರಾಜಕುಮಾರಿ ಎಲ್ಲರೂ ನನ್ನ ಕಣ್ಣೆದುರೇ ಮರಾಠಿಯವರಾಗುತ್ತಿದ್ದರು.

ದೀಪಾವಳಿಗೆ ಔರಂಗಾಬಾದಿನಿಂದ ಬೀಗತಿ ಗಂಗಾಬಾಯಿ ಬಂದಿದ್ದರು. ಕಸ್ತೂರಿಯ ತಾಯಿ, ಕಲಬುರಗಿ ಕಡೆಯವರು. ಮಾತು ಜೋಳದ ಕಟಕ್ ರೊಟ್ಟಿ ಮುರಿದಂತೆ. ಚಕ್ಕುಲಿ ಕಡಿಯುತ್ತ ಎಲ್ಲರ ಎದುರಿಗೇ ಕೇಳಿದರು. “ಏನ್ರೀ ಬೀಗತಿ, ಹುಡುಗಿ ಬಾಯಾಗ ಒಂದು ಕನ್ನಡ ಮಾತಿಲ್ಲ. ನಿಮ್ಮ ಮನಿಯಾಗ ಹಿರೇರು ಅಂಬೋರು ಅದಾರೋ ಇಲ್ಲೋ?”

ನನಗೆ ಅಂಗಾಲಿನಿಂದ ಉರಿ ಹತ್ತಿತು. “ಸಂಕ್ರಾಂತಿಗಿ ಬರ್ರಿ. ಅಷ್ಟೊತ್ತಿಗಿ ಸುಮಿ ಕನ್ನಡ ಮಾತಾಡ್ಲಿಲ್ಲಂದ್ರ ನಾ ನಿಮ್ಮ ಊರಿಗಿ ಬಂದು, ನಾಕು ಮಂದಿ ಮುಂದ ನಿಮ್ಮ ಹೋಳಿಗಿ ಹೊಗಳ್ತೀನಿ!”

ಬಾಯಿಂದ ಬಿದ್ದ ಮೇಲೆ ನಾಲಗೆ ಕಚ್ಚಿಕೊಂಡೆ. ಗಂಗಾಬಾಯಿಯ ಹೋಳಿಗೆ ತಿಂದವರಿಗೆ ಮಾತ್ರ ನಾನು ಒಡ್ಡಿದ ಪಣದ ಭಾರ ತಿಳಿದೀತು.

ಉಪಾಯವೂ ಹೊಳೆಯಿತು. ನನ್ನ ಕಥೆಗಳದ್ದೇ ಒಂದು ಪುಸ್ತಕವಾದರೆ? ಸುಮಿ ತಾನೇ ಓದಿದರೆ? ನಮ್ಮ ಓಣಿಯ ತುದಿಗೆ ವಾಮನರಾಯರ ಛಾಪಖಾನೆ ಇದೆ. ಮಾಲೀಕರೂ ಅವರೇ, ಅಚ್ಚಿನ ಮೊಳೆ ಜೋಡಿಸುವವರೂ ಅವರೇ, ಕಾಲಿನಿಂದ ಯಂತ್ರ ತುಳಿಯುವವರೂ ಅವರೇ. ಮದುವೆ ಪತ್ರಿಕೆ, ದ್ರಾಕ್ಷಿ ಪೆಟ್ಟಿಗೆಯ ಚೀಟಿ, ಉಳ್ಳಾಗಡ್ಡಿ ವ್ಯಾಪಾರಿಗಳ ಪಾವತಿ ಪುಸ್ತಕ ಅಚ್ಚು ಹಾಕಿ ಜೀವನ ಸಾಗಿಸುವ ಸಾಧು ಮನುಷ್ಯ. ಕಾಗದಕ್ಕೆ ನಾನು ಹಪ್ಪಳ ಮಾರಿ ಕೂಡಿಟ್ಟದ್ದು ಸಾಕಾಯಿತು. ಅವರ ದುಡಿಮೆಗೆ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ, ಕೊಡುವುದೆಂದು ಮಾತಾಯಿತು. ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದ ಮೇಲೆ ರಾಯರು ಒಂದು ಸಣ್ಣ ತೊಡಕನ್ನು ತಿಳಿಸಿದರು. ಅವರ ಬಳಿ ಮರಾಠಿ ಮೊಳೆಗಳಷ್ಟೇ ಇದ್ದವು. ಕನ್ನಡ ಮೊಳೆ ಬೇಕಿದ್ದರೆ ಸೊಲ್ಲಾಪುರಕ್ಕೆ ಹೋಗಬೇಕು.

ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕರೆ ನನಗೆ ಬುದ್ಧಿ ಚುರುಕಾಗುತ್ತದೆ. ಸುಮಿಗೆ ಬರುವ ಅಕ್ಷರಗಳು ಯಾವುವು? ಮರಾಠಿಯವೇ. ಅವಳಿಗೆ ತಿಳಿಯುವ ಮಾತು ಯಾವುದು? ನನ್ನ ಕನ್ನಡ. ಹಾಗಾದರೆ ಮಾತು ನನ್ನದಿರಲಿ, ಅಕ್ಷರ ಅವಳದಿರಲಿ! ನಾನು ಬಾಯಿಂದ ಹೇಳುವುದು, ಕನ್ನಡ ತಿಳಿಯದ ರಾಯರು ಕಿವಿಯಿಂದ ಕೇಳಿ ಮರಾಠಿ ಮೊಳೆ ಜೋಡಿಸುವುದು. ಇಂಥ ಪುಸ್ತಕವನ್ನು ಓದಬಲ್ಲ ಕನ್ನಡಿಗರು ಕಡಿಮೆ, ಓದಿದ್ದು ತಿಳಿಯುವ ಮರಾಠಿಗರು ಇನ್ನೂ ಕಡಿಮೆ. ಇರಲಿ, ನನಗೆ ಬೇಕಾದ ಓದುವವಳು ಒಬ್ಬಳೇ.

ಮೊದಲ ದಿನವೇ ರಾಯರಿಗೆ ಮರಾಠಿಯಲ್ಲಿ ತಾಕೀತು ಮಾಡಿದೆ. “ಏಕ್ ಅಕ್ಷರಹೀ ಸೋಡೂ ನಕಾ! ಒಂದಕ್ಷರವನ್ನೂ ಬಿಡಬೇಡಿ.” ಅವರು ಮೂಗಿಗೆ ನಶ್ಯ ಏರಿಸಿ, ಗಂಗೆ ಮುಟ್ಟಿ ಹೇಳುವವರ ಗಾಂಭೀರ್ಯದಿಂದ ತಲೆಯಾಡಿಸಿದರು.

ಸ್ಟೂಲಿನ ಮೇಲೆ ಕುಳಿತು ನಾನು ಹೇಳುವುದು, ಅವರು ಬಾಯಲ್ಲಿ ಗುಣುಗುಣಿಸುತ್ತ ಒಂದೊಂದೇ ಮೊಳೆ ಆರಿಸಿ ಸಾಲು ಕಟ್ಟುವುದು. ಅದು ಅವಸರದ ಕೆಲಸವಲ್ಲ. ಒಂದು ಸಾಲು ಮುಗಿಯುವುದರೊಳಗೆ ನನ್ನ ಬಾಯಿಗೆ ಬೇಕಾದಷ್ಟು ಬಿಡುವು ಸಿಗುತ್ತಿತ್ತು, ನನ್ನ ಬಾಯಿಗೆ ಬಿಡುವು ಎಂದರೆ ಆಗಿಬರುವುದಿಲ್ಲ. ಜೊತೆಗೆ ನಮ್ಮವರ ಕಾಟ. ಅಂಗಡಿಯನ್ನು ಮಗನ ಕೈಗೆ ಕೊಟ್ಟ ಮೇಲೆ ಅವರಿಗೆ ನನ್ನನ್ನು ಹುಡುಕುವುದೇ ಉದ್ಯೋಗ. ಚಾವಿ ಎಲ್ಲಿ, ಚಸ್ಮಾ ಎಲ್ಲಿ, ಚಹಾ ಯಾವಾಗ ಎಂದು ಕೇಳಿಕೊಂಡು ಬಂದವರು ಅಲ್ಲೇ ಕಾಗದದ ಕಟ್ಟಿನ ಮೇಲೆ ಕುಳಿತುಬಿಡುತ್ತಿದ್ದರು. ರಾಯರು ನಮ್ಮ ಕಡೆ ಕಣ್ಣೆತ್ತದೆ ಮೊಳೆ ಜೋಡಿಸುತ್ತಲೇ ಇರುತ್ತಿದ್ದರು. ಆಹಾ, ಎಂಥ ಶ್ರದ್ಧೆ ಎಂದು ನಾನು ಬೆರಗಾಗಿದ್ದೆ.

ಕರಡು ಬಂದಾಗ ಮಗನಿಗೆ ಕೊಟ್ಟೆ. ಅವನು ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿ ಹಾಳೆಗಳನ್ನು ಇಸ್ಪೀಟು ಎಲೆಯ ಹಾಗೆ ಫರಫರ ತಿರುವಿ, “ಭಾಳ ಚಲೋ ಆಗ್ಯಾದವ್ವ” ಎಂದು ಸೈಕಲ್ ಏರಿದ. ತಾಯಿಯ ಪುಸ್ತಕವನ್ನು ಇದಕ್ಕಿಂತ ಬೇಗ ಓದಿದ ಮಗ ಈ ಭೂಮಿಯ ಮೇಲೆ ಇರಲಾರ.

ಪುಸ್ತಕ ಸಂಕ್ರಾಂತಿಯ ಹಿಂದಿನ ದಿನ ಮನೆಗೆ ಬಂತು. ಸುಮಿಯ ಪುಸ್ತಕದ ಚೀಲ ಹೊಲಿದು ಉಳಿದಿದ್ದ ನೀಲಿ ಬಟ್ಟೆಯ ಬಣ್ಣದ್ದೇ ರಟ್ಟು. ಹಸುಗೂಸಿನ ನೆತ್ತಿ ಮೂಸಿದ ಹಾಗೆ ಅದನ್ನು ಮೂಸಿದೆ. ಸೀಮೆಎಣ್ಣೆ, ಮಸಿ ಮತ್ತು ಸ್ವಲ್ಪ ಶೇಂಗಾ ಹಿಂಡಿಯ ವಾಸನೆ. ಆ ದಿನ ನನ್ನ ಕಾಲು ನೆಲಕ್ಕೆ ತಾಗಿದ್ದು ನೆನಪಿಲ್ಲ.

ಇಲ್ಲಿ ಸಂಕ್ರಾಂತಿಗೆ ಓಣಿಯ ಹೆಂಗಸರನ್ನು ಅರಿಶಿನ-ಕುಂಕುಮಕ್ಕೆ ಕರೆದು, ಎಳ್ಳುಂಡೆಯ ಜೊತೆ ಏನಾದರೂ ಒಂದು ಸಾಮಾನು ಕೊಡುವ ಪದ್ಧತಿ. ಒಬ್ಬರು ಸ್ಟೀಲಿನ ಬಟ್ಟಲು ಕೊಟ್ಟರೆ ಇನ್ನೊಬ್ಬರು ಚಹಾ ಸೋಸುವ ಜಾಲರಿ ಕೊಡುತ್ತಾರೆ. ನಾನು ಪುಸ್ತಕ ಕೊಟ್ಟೆ. ಮರಾಠಿ ಹೆಂಗಸರು ಭಕ್ತಿಯಿಂದ ತೆಗೆದುಕೊಂಡು, ಮೊದಲ ಸಾಲು ಸಲೀಸಾಗಿ ಓದಿ, ಏನೂ ತಿಳಿಯದೆ, ದೇವರ ಮಂತ್ರವೆಂದು ತಿಳಿದು ಕಣ್ಣಿಗೊತ್ತಿಕೊಂಡರು. ನನ್ನ ಹುಲಿಗೆ ಅಷ್ಟು ಮರ್ಯಾದೆ ಅದರ ಅಡವಿಯಲ್ಲೂ ಸಿಕ್ಕಿರಲಿಲ್ಲ.

ನಡುಮನೆಯಲ್ಲಿ ಗೋಡೆಗೆ ಒರಗಿ ಗಂಗಾಬಾಯಿ ಕುಳಿತಿದ್ದರು. ನಾನು ಸುಮಿಯನ್ನು ಮುಂದೆ ನಿಲ್ಲಿಸಿ, “ಓದು, ನನ ರಾಜಾ” ಎಂದೆ. ಹುಡುಗಿ ಜಡೆ ಹಿಂದಕ್ಕೆ ಎಸೆದು ಓದತೊಡಗಿದಳು. ಆ ಎಳೆ ಬಾಯಿಂದ, ನನ್ನ ಸುಮಿಯ ಬಾಯಿಂದ, ಕನ್ನಡ ಗಳಗಳನೆ ಸುರಿಯಿತು! ನನ್ನ ಕಣ್ಣು ತುಂಬಿ ಎದುರಿಗಿದ್ದವರೆಲ್ಲ ಮಸುಕಾದರು. ಆ ಮಸುಕಿನಲ್ಲೇ ಕೇಳಿಸಿತು.

“ರಾಜನು ಕುದುರೆ ಏರಿ ಅಡವಿಗೆ ಹೋದನು. ಪೊದೆಯ ಹಿಂದಿನಿಂದ ದೊಡ್ಡ ಹುಲಿ ಬಂದಿತು. ಮತ್ತ್ಯಾಕ ಬಂದ್ರಿ? ಚಾವಿ ಗೂಟಕ್ಕ ಅದ. ಕಣ್ಣಾಗ ಹಿಟ್ಟು ಬಿದ್ದದೇನು? ಗೂಟಕ್ಕಿಲ್ಲ. ಹಂಗಾರ ನಿಮ್ಮ ಕಿಸೆದಾಗ ನೋಡ್ರಿ. ಹಾಂ, ಸಿಕ್ತು. ಹುಲಿಯು ತಲೆ ತಗ್ಗಿಸಿ ಹೊರಟುಹೋಯಿತು.”

ನನ್ನ ಕಣ್ಣು ಒಂದೇ ಏಟಿಗೆ ಒಣಗಿತು. ಬಾಗಿಲ ಹತ್ತಿರ ಕುಳಿತಿದ್ದ ನಮ್ಮವರು, “ಏನೇ, ಹುಲಿ ನಾನಽ ಏನು?” ಎಂದರು. ರಾಯರು ನನ್ನ ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ನಮ್ಮವರದ್ದನ್ನೂ ಬಿಟ್ಟಿರಲಿಲ್ಲ. ಹೀಗೆ ಒಂದು ದಿನವೂ ಬೆವರು ಹರಿಸದೆ ಅವರೂ ಗ್ರಂಥಕರ್ತರಾದರು.

ನಾನು ಪುಸ್ತಕ ಕಸಿಯಲು ಕೈ ಚಾಚಿದೆ. ಆದರೆ ಸುಮಿಗೆ ಈಗ ರುಚಿ ಹತ್ತಿತ್ತು. ಇಂಥ ಹುಲಿಯನ್ನು ಅವಳು ಈ ಮೊದಲು ಕೇಳಿರಲಿಲ್ಲ. ಕಂಬದ ಆಚೆ ಹಾರಿ ಹಾಳೆ ತಿರುವಿದಳು.

“ಅರಮನೆಯಲ್ಲಿ ಮದುವೆಯ ಊಟ. ರಾಣಿಯು ತನ್ನ ಕೈಯಾರೆ ಹೋಳಿಗೆ ಬಡಿಸಿದಳು. ನಮ್ಮ ಗಂಗಾಬಾಯಿ ಹೋಳಿಗಿ ಅಲ್ಲ ಮತ್ತ. ಅದನ್ನ ಗೋಡಿಗಿ ಹೊಡೆದ್ರ ಗೋಡಿ ಬೀಳ್ತದ. ಏ, ಮೆಲ್ಲಕ ಅನ್ನು. ಯಾಕ, ಇವರಿಗೇನು ಕನ್ನಡ ಬರ್ತದೇನು? ದೇವತೆಗಳು ಆಕಾಶದಿಂದ ಹೂಮಳೆ ಸುರಿಸಿದರು.”

ಮರಾಠಿ ಹೆಂಗಸರು ಕೈ ಮುಗಿದರು. ಕಸ್ತೂರಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ನಾನು ಎಳ್ಳುಂಡೆಯ ತಟ್ಟೆಯನ್ನು ಗುರಾಣಿಯಂತೆ ಹಿಡಿದು ನಿಂತೆ. ಗಂಗಾಬಾಯಿ ನಿಧಾನವಾಗಿ ಎದ್ದು ಬಂದರು. “ನನ್ನ ಹೆಸರು ಎಲ್ಲಿ ಅದ ತೋರ್ಸು” ಎಂದು ಸುಮಿಯ ಬೆರಳು ಹಿಡಿದು, ಆ ಜಾಗದ ಮೇಲೆ ತಮ್ಮ ಬೆರಳಿಟ್ಟು, ಬಹಳ ಹೊತ್ತು ನೋಡಿದರು.

“ಅಚ್ಚು ಚಲೋ ಆಗ್ಯಾದ” ಎಂದರು ಕೊನೆಗೆ. “ಹೋಳಿಗಿ ಬಿರುಸು ಅಂತ ಹಾಕ್ಸೀರಿ, ಹಾಕ್ಸ್ರಿ. ಮತ್ತ ನಿಮ್ಮ ಸಾರಿನಾಗ ಬ್ಯಾಳಿ ಹುಡುಕ್ಲಕ್ಕ ಗೋದಾವರಿಯಾಗ ಮುಳುಗು ಹಾಕಿದಂಗ ಹಾಕ್ಬೇಕು, ಅದನ್ನ ಯಾಕ ಬಿಟ್ರಿ? ಅದ್ಯಾವ ರಾಜನ ಕಥಿಯಾಗ ಬರ್ತದ?” ಆಮೇಲೆ, “ನಂಗ ಹತ್ತು ಪುಸ್ತಕ ಕಟ್ಟಿ ಕೊಡ್ರಿ. ಔರಂಗಾಬಾದಿನಾಗ ಯಾರ ಹೆಸರೂ ಅಚ್ಚಾಗಿಲ್ಲ.”

ನಾನು ಉಸಿರು ಬಿಟ್ಟು, ಸಮಯ ನೋಡಿ ಕೇಳಿದೆ. “ಅಂದ್ರ ನಾ ಗೆದ್ದಂಗಲ್ಲೇನ್ರಿ? ಕೇಳಿದ್ರಲ್ಲ ಸುಮಿ ಕನ್ನಡ.”

“ಅದು ಓದಿದ್ದು. ನೀವು ಅಂದದ್ದು ಮಾತಾಡೋದು. ನಾಳಿ ನಾ ಬಸ್ ಹತ್ತೋತನಕ ಟೈಮ್ ಅದ” ಎಂದರು ಬೀಗತಿ, ಎಳ್ಳುಂಡೆ ಬಾಯಿಗೆ ಹಾಕಿಕೊಂಡು.

ಸಂಜೆಯೇ ವಾಮನರಾಯರ ಮೇಲೆ ದಂಡೆತ್ತಿ ಹೋದೆ. ಅವರು ಬೆಚ್ಚಲಿಲ್ಲ. “ಆಜೀಬಾಯಿ, ನೀವು ಮರಾಠಿಯಲ್ಲಿ ಹೇಳಿದ್ದು ನನಗೆ, ಕನ್ನಡದಲ್ಲಿ ಹೇಳಿದ್ದು ಪುಸ್ತಕಕ್ಕೆ ಎಂದುಕೊಂಡೆ. ಒಂದಕ್ಷರವನ್ನೂ ಬಿಡಬೇಡಿ ಎಂದವರು ಯಾರು?” ಎಂದು ನಶ್ಯದ ಡಬ್ಬಿ ಮುಂದೆ ಚಾಚಿದರು. ನಾನು ಒಂದು ಚಿಟಿಕೆ ತೆಗೆದುಕೊಂಡು, ಸೀನುತ್ತ ಮನೆಗೆ ಬಂದೆ.

ಮರುದಿನ ಬೆಳಗ್ಗೆ ಗಂಗಾಬಾಯಿ ಗಂಟು ಕಟ್ಟಿ ಹೊರಟರು. ಟಾಂಗಾ ಬಾಗಿಲಿಗೆ ಬಂದಿತ್ತು. ಹುಡುಗಿಯ ಬಾಯಿ ಮುಂಜಾನೆಯಿಂದ ಮರಾಠಿ ಬಿಟ್ಟು ಬೇರೆ ಆಡಿರಲಿಲ್ಲ. ನಾನು ಮನಸ್ಸಿನಲ್ಲೇ ಹೋಳಿಗೆಗೆ ಹೊಗಳಿಕೆ ಹುಡುಕುತ್ತಿದ್ದೆ; ‘ಗಟ್ಟಿಮುಟ್ಟಾಗಿದೆ’ ಎನ್ನುವುದರ ಆಚೆ ಏನೂ ಹೊಳೆಯಲಿಲ್ಲ. ಕೊನೆಗೆ ಬಾಗಿಲಲ್ಲಿ ನಿಂತು ಕೂಗಿದೆ. “ಸುಮೀ, ನಿಮ್ಮಮ್ಮನ ಅವ್ವ ಹೊಂಟಾರ, ಲಗೂನ ಬಾ! ಕಾಲಿಗಿ ಬೀಳು ಬಾ!”

ಒಳಗಿನಿಂದ ಗಂಟೆ ಬಾರಿಸಿದಂಥ ದನಿ. “ಬರ್ತೀನಿ ತಡೀರಿ! ನಾನೇನು ಇಲ್ಲಿ ಗೋಲಿ ಆಡ್ಲತ್ತೀನೇನು? ಮುದುಕರಿಗಿ ಅವಸರ ಭಾಳ!”

ಟಾಂಗಾದ ಕುದುರೆ ಸಹ ಕಿವಿ ನಿಮಿರಿಸಿತು. “ರಾಜಕುಮಾರಿ ಕಥಿಯಾಗಿನ ಮಾತು” ಎಂದರು ನಮ್ಮವರು ಮೆಲ್ಲಗೆ. “ಚಹಾಕ್ಕ ಕರೀಲಕ್ಕ ಬಂದಾಗ ನೀ ನಂಗ ಅಂದದ್ದು.” ಹಿರಿಯಳಾಗಿ ನಾನು ಮಾಡಬೇಕಾದದ್ದು ಹುಡುಗಿಯ ಕಿವಿ ಹಿಂಡುವ ಕೆಲಸ. ಮಾಡಿದ್ದೇ ಬೇರೆ. ಓಡಿ ಹೋಗಿ ಅವಳನ್ನು ಎತ್ತಿಕೊಂಡು, ಸೊಂಟ ಹಿಡಿದರೂ ಇಳಿಸದೆ, ಓಣಿಗೆಲ್ಲ ಕೇಳುವಂತೆ ಕೂಗಿದೆ. “ಕೇಳಿದ್ರೇನ್ರಿ ಬೀಗತಿ? ಓದಿದ್ದಲ್ಲ! ಮಾತಾಡಿದ್ದು! ಮತ್ತೊಮ್ಮೆ ಅನ್ನವ್ವ, ನನ ಬಂಗಾರ, ಮುದುಕರಿಗಿ ಏನು ಭಾಳ?”

ಗಂಗಾಬಾಯಿ ಟಾಂಗಾದಲ್ಲಿ ಕುಳಿತು ಕಣ್ಣೀರು ಬರುವಂತೆ ನಕ್ಕರು. “ಸೋತೆ, ತಾಯಿ, ಸೋತೆ. ನೀವು ಹೋಳಿಗಿ ಹೊಗಳೋದು ಬ್ಯಾಡ. ಬರೇ ತಿನ್ಲಕ್ಕ ಬರ್ರಿ.” ಗೆದ್ದವರಿಗೆ ಇಂಥ ಶಿಕ್ಷೆ ಎಲ್ಲೂ ಇರಲಾರದು.

ಈಗ ಸುಮಿ ದಿನವಿಡೀ ಕನ್ನಡ ಮಾತಾಡುತ್ತಾಳೆ. ಸ್ನಾನಕ್ಕೆ ಕರೆದರೆ “ಮತ್ತ್ಯಾಕ ಬಂದ್ರಿ?” ಚಸ್ಮಾ ಕೇಳಿದರೆ “ಕಣ್ಣಾಗ ಹಿಟ್ಟು ಬಿದ್ದದೇನು?” ಮೊನ್ನೆ ಮಡಿಲಲ್ಲಿ ಕೂರಿಸಿಕೊಂಡು, “ಒಂದು ಮೆತ್ತನ್ನ ಮಾತು ಆಡವ್ವ, ಆಜಿ ಜೋಡಿ” ಎಂದು ಗೋಗರೆದೆ. ಹುಡುಗಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿ ಹೇಳಿದಳು. “ಆಜಿ, ಅದು ಪುಸ್ತಕದಾಗ ಇಲ್ಲಲ್ಲ!”

ಇಲ್ಲ, ನಿಜ. ಅಷ್ಟು ದಿನ ಕುಳಿತು ಹೇಳಿದ್ದರಲ್ಲಿ ನಮ್ಮವರಿಗೆಂದು ಒಂದು ಒಳ್ಳೆಯ ಮಾತು ನನ್ನ ಬಾಯಿಂದ ಜಾರಿಯೂ ಬಿದ್ದಿರಲಿಲ್ಲ. ಆದ್ದರಿಂದ ಎರಡನೆಯ ಪುಸ್ತಕಕ್ಕೆ ಕೈ ಹಾಕಿದ್ದೇನೆ. ಹೋದ ವಾರ ಹಿಂಡಿಯ ಡಬ್ಬಿ ಹಿಡಿದು, ನಮ್ಮವರನ್ನೂ ಎಳೆದುಕೊಂಡು ಛಾಪಖಾನೆಗೆ ಹೋದೆ. ಸ್ಟೂಲನ್ನು ಸೆರಗಿನಿಂದ ಒರೆಸಿ, ಗಂಟಲು ಸರಿಮಾಡಿಕೊಂಡು, “ಬರ್ರಿ, ಕುಂದರ್ರಿ. ದಣದೀರಿ. ಚಹಾ ತರಿಸ್ಲೇನ್ರಿ?” ಎಂದೆ. ನಮ್ಮವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದರು. ಮೊಳೆಯ ಮೇಲಿದ್ದ ವಾಮನರಾಯರ ಕೈ ಅಲ್ಲೇ ನಿಂತಿತು. ನನ್ನ ಇಡೀ ಪುಸ್ತಕವನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ ಆ ಮನುಷ್ಯ ಚಸ್ಮಾದ ಮೇಲಿನಿಂದ ನನ್ನನ್ನು ನೋಡಿ, ಸಂಶಯದಿಂದ ಕೇಳಿದರು.

“ಆಜೀಬಾಯಿ, ಇದು ಯಾವ ಭಾಷೆ?”